ಸ್ಟೇಜ್ ಮೇಲೆ ಪಾಸ್‌ಕೀ ಡೆಮೊ: ನಾನು ಮಾಡೋ ರೀತಿ

ಡೆವಲಪರ್ ಕಾನ್ಫರೆನ್ಸಲ್ಲಿ ಲಾಗಿನ್ ಬಗ್ಗೆ ಟಾಕ್ ಕೊಡುವಾಗೆಲ್ಲ ನಾನು ಸ್ಲೈಡ್ ಕಡಿಮೆ ಮಾಡಿ ಒಂದೇ ವಿಷಯನ ಕಣ್ಣಾರೆ ತೋರಿಸ್ತೀನಿ: ಅಸಲಿ ತರ ಕಾಣೋ ನಕಲಿ (ಫಿಶಿಂಗ್) ಸೈಟಲ್ಲಿ ಪಾಸ್‌ಕೀ, ಅಂದ್ರೆ ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸೋ ಡಿಜಿಟಲ್ ಕೀ, ಯಾಕೆ ಕೆಲಸ ಮಾಡಲ್ಲ ಅನ್ನೋದು. ಪಾಸ್‌ಕೀ ಹಿಂದಿರೋ ತಂತ್ರ ವೆಬ್‌ಆಥ್‌ನ್ 2019ರ ಮಾರ್ಚಲ್ಲೇ ಡಬ್ಲ್ಯೂ3ಸಿ (ವೆಬ್‌ನ ನಿಯಮ ರೂಪಿಸೋ ಸಂಸ್ಥೆ) ಸ್ಟ್ಯಾಂಡರ್ಡ್ ಆಯ್ತು, 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಒಟ್ಟಿಗೆ ಬೆಂಬಲ ಘೋಷಿಸಿದ್ವು, ಆದ್ರೂ "ಫಿಂಗರ್‌ಪ್ರಿಂಟ್ ಸರ್ವರ್‌ಗೆ ಹೋಗುತ್ತಲ್ವಾ" ಅಂತ ಕೇಳೋರು ಈಗಲೂ ಇದ್ದಾರೆ. ಹೋಗಲ್ಲ. ಬೆರಳಿಟ್ರೆ ಡಿವೈಸ್ ಒಳಗಿನ ಪ್ರೈವೇಟ್ ಕೀ ಬಳಸೋಕೆ ಅನುಮತಿ ಸಿಗುತ್ತೆ ಅಷ್ಟೆ, ಸರ್ವರ್‌ಗೆ ಹೋಗೋದು ಆ ಕೀ ಹಾಕಿದ ಸಹಿ.

ಕಾನ್ಫರೆನ್ಸ್ ವೈಫೈ ನಂಬ್ಕೊಂಡು ನಾನು ಡೆಮೊ ಮಾಡಲ್ಲ, ಎಲ್ಲಾ ಲ್ಯಾಪ್‌ಟಾಪಲ್ಲೇ ಓಡುತ್ತೆ. ಯಾವ ಡೊಮೇನ್ ಹೆಸರು ಎಲ್ಲಿಗೆ ಹೋಗಬೇಕು ಅಂತ ಲ್ಯಾಪ್‌ಟಾಪಿಗೆ ಹೇಳೋ ಹೋಸ್ಟ್ಸ್ ಫೈಲಲ್ಲಿ ಒಂದಕ್ಷರ ಮಾತ್ರ ಬೇರೆ ಇರೋ ಎರಡು ಡೊಮೇನ್ ಹೆಸರು ಹಾಕಿ, ಎಮ್‌ಕೆಸರ್ಟ್ ಅನ್ನೋ ಟೂಲಲ್ಲಿ ಎರಡಕ್ಕೂ ಸರ್ಟಿಫಿಕೇಟ್ ಮಾಡ್ಕೋತೀನಿ, ಯಾಕಂದ್ರೆ ಎಚ್‌ಟಿಟಿಪಿಎಸ್ ಇಲ್ದೆ ಇದು ನಡಿಯಲ್ಲ (ಲೋಕಲ್‌ಹೋಸ್ಟ್‌ಗೆ ಮಾತ್ರ ವಿನಾಯಿತಿ), ಐಪಿ ಅಡ್ರೆಸ್ ಕೊಟ್ರೂ ಬ್ರೌಸರ್ ಒಪ್ಪಲ್ಲ. ಫೋನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿಸೋ ದಾರಿ ಸ್ಟೇಜಿಗೆ ಬೇಡ, ಅದಕ್ಕೆ ಬ್ಲೂಟೂತೂ ಬೇಕು ನೆಟ್ಟೂ ಬೇಕು. ಕ್ರೋಮ್ ಡೆವ್‌ಟೂಲ್ಸಲ್ಲಿ ವರ್ಚುವಲ್ ಅಥೆಂಟಿಕೇಟರ್ (ಕೀ ಇಟ್ಕೊಂಡು ಸಹಿ ಹಾಕೋ ಡಿವೈಸಿನ ಸಾಫ್ಟ್‌ವೇರ್ ರೂಪ) ಇದೆ, ಅದು ಸಾಕು.

ಮೊದಲು ಅಸಲಿ ಸೈಟಲ್ಲಿ ಲಾಗಿನ್ ಆಗಿ, ಬಂದ ಕ್ಲೈಂಟ್ ಡೇಟಾ ಜೇಸನ್ನ (ಆ ಲಾಗಿನ್ ಬಗ್ಗೆ ಬ್ರೌಸರ್ ಕೊಡೋ ಮಾಹಿತಿ) ಸ್ಕ್ರೀನಲ್ಲಿ ದೊಡ್ಡದಾಗಿ ಬಿಚ್ಚಿ ತೋರಿಸ್ತೀನಿ. ಅದರಲ್ಲಿರೋ ಆರಿಜಿನ್ (ಸೈಟಿನ ವಿಳಾಸ) ಬರೆಯೋದು ಬ್ರೌಸರ್, ಪೇಜಿನ ಜಾವಾಸ್ಕ್ರಿಪ್ಟ್ ಅಲ್ಲ. ಆಮೇಲೆ ಅಥೆಂಟಿಕೇಟರ್ ಡೇಟಾದ ಮೊದಲ 32 ಬೈಟ್ (ಅದು ಡೊಮೇನ್ ಹೆಸರಿನ ಹ್ಯಾಶ್, ಅಂದ್ರೆ ಲೆಕ್ಕ ಹಾಕಿ ತೆಗೆದ ಗುರುತು) ತಗೊಂಡು, ಟರ್ಮಿನಲಲ್ಲಿ ಅದೇ ಡೊಮೇನ್ ಹೆಸರಿಗೆ ಎಸ್‌ಎಚ್‌ಎ-256 ಹ್ಯಾಶ್ ಹಾಕಿ ಎರಡನ್ನೂ ಪಕ್ಕಪಕ್ಕ ಇಡ್ತೀನಿ, ಅಕ್ಷರಕ್ಕಕ್ಷರ ಹೊಂದುತ್ತೆ. ಈಗ ನಕಲಿ ಸೈಟು. ಅದೇ ಕೋಡು, ಅದೇ ಬಣ್ಣ, ಕೇಳೋದು ಅಸಲಿ ಡೊಮೇನಿನ ಕೀ, ಬ್ರೌಸರ್ ತಕ್ಷಣ ಸೆಕ್ಯುರಿಟಿ ಎರರ್ ಕೊಡುತ್ತೆ. ಡೊಮೇನ್ ಹೇಳದೆ ಕೇಳಿದ್ರೆ ನಕಲಿ ಸೈಟಿನ ಹೆಸರನ್ನೇ ತಗೊಳ್ಳುತ್ತೆ, ಆ ಹೆಸರಿಗೆ ಕೀನೇ ಇಲ್ಲ. ನೋಡೋ ಮನುಷ್ಯ ಆ ಒಂದಕ್ಷರ ಗಮನಿಸ್ದೇ ಇರ್ಬಹುದು, ಬ್ರೌಸರ್ ಗಮನಿಸದೇ ಇರಲ್ಲ. ಇಷ್ಟನ್ನ ನಿಧಾನವಾಗಿ ತೋರಿಸಿದ್ರೆ ಬೇರೆ ವಿವರಣೆ ಬೇಕಾಗಲ್ಲ.

ಸರ್ವರ್ ಕಡೆ ಚಾಲೆಂಜ್ (ಪ್ರತಿ ಲಾಗಿನ್‌ಗೂ ಸರ್ವರ್ ಕಳಿಸೋ ಹೊಸ ರ‍್ಯಾಂಡಮ್ ಡೇಟಾ), ಆರಿಜಿನ್, ಸಹಿ ಮೂರನ್ನೂ ಚೆಕ್ ಮಾಡ್ಲೇಬೇಕು, ದಯವಿಟ್ಟು ಆ ಕೋಡನ್ನ ಕೈಯಾರೆ ಬರೀಬೇಡಿ, ಒಳ್ಳೆ ಲೈಬ್ರರಿ ಬಳಸಿ.

ಪ್ರಶ್ನೆಗಳಿಗೆ ಜಾಸ್ತಿ ಟೈಮ್ ಇಡ್ತೀನಿ, ಯಾಕಂದ್ರೆ "ಫೋನ್ ಕಳೆದ್ರೆ ಏನ್ಮಾಡೋದು" ಅನ್ನೋದೇ ನಿಜವಾದ ಕಷ್ಟ. ಸಿಂಕ್ ಆಗೋ ಪಾಸ್‌ಕೀ ಆದ್ರೆ ಹೊಸ ಫೋನಲ್ಲಿ ವಾಪಸ್ ಸಿಗುತ್ತೆ, ಹಾರ್ಡ್‌ವೇರ್ ಕೀ (ಕೀ ಒಳಗೇ ಇಟ್ಕೊಳ್ಳೋ ಪುಟ್ಟ ಡಿವೈಸ್) ಆದ್ರೆ ಸಿಗಲ್ಲ. ಇಷ್ಟೆಲ್ಲಾ ಮಾಡಿ ಕೊನೆಗೆ ಎಸ್‌ಎಂಎಸ್ ಓಟಿಪಿಲಿ ಅಕೌಂಟ್ ವಾಪಸ್ ಕೊಡೋ ಹಾಗಿಟ್ರೆ ಕಳ್ಳ ಆ ದಾರೀಲೇ ಬರ್ತಾನೆ, ಇದನ್ನ ನಾನು ಖಡಾಖಂಡಿತವಾಗಿ ಹೇಳ್ತೀನಿ. ಸೈನ್‌ಅಪ್ ಆದ ಮೇಲೆ ಎರಡನೇ ಪಾಸ್‌ಕೀ ಸೇರಿಸೋಕೆ ಯೂಸರ್‌ನ ಕೇಳಿ, ಆವಾಗ ಎಕ್ಸ್‌ಕ್ಲೂಡ್ ಕ್ರೆಡೆನ್ಶಿಯಲ್ಸ್ (ಈಗಾಗ್ಲೇ ಇರೋ ಪಾಸ್‌ಕೀಗಳ) ಪಟ್ಟೀಲಿ ಮೊದಲನೇದರ ಐಡಿ ಹಾಕಿ, ಇಲ್ದಿದ್ರೆ ಅವರು ಅದೇ ಡಿವೈಸನ್ನೇ ಮತ್ತೆ ರಿಜಿಸ್ಟರ್ ಮಾಡಿ ಬ್ಯಾಕಪ್ ಇದೆ ಅಂದ್ಕೊಂಡಿರ್ತಾರೆ.