ರಿವರ್ಸ್ ಹಾರನ್ನಿನ ರಾಗ, ಹದಿನೈದು ಸೀಮೆಸುಣ್ಣದ ಗೆರೆ

ಹನುಮಂತನಗರದ ನಮ್ಮ ಬೀದಿಯಲ್ಲಿ ಯಾರಾದರೂ ಕಾರನ್ನು ಹಿಂದಕ್ಕೆ ತೆಗೆದರೆ ಬೀಥೋವನ್ ಕೇಳಿಸುತ್ತಾನೆ. ಆತ 1810ರಲ್ಲಿ ಪಿಯಾನೊಗೆಂದು ರಚಿಸಿದ ‘ಫ್ಯೂರ್ ಎಲೀಸ್’ನ ಮೊದಲ ಸಾಲು ರಿವರ್ಸ್ ಹಾರನ್ನಿನ ಕೀರಲು ದನಿಯಲ್ಲಿ ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ. ಅಮೆರಿಕದ ನಿರ್ದೇಶಕ ಗಸ್ ವ್ಯಾನ್ ಸ್ಯಾಂಟ್ ಅವರ ‘ಎಲಿಫೆಂಟ್’ ಚಿತ್ರ ನೋಡುವವರೆಗೆ ನನಗೂ ಅದು ಬರೀ ಹಾರನ್ನೇ ಆಗಿತ್ತು.

2003ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಆ ಚಿತ್ರದ ಹಿನ್ನೆಲೆಯಲ್ಲಿರುವುದು 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ನಡೆದ ಹತ್ಯಾಕಾಂಡ. ಆದರೆ ನನ್ನನ್ನು ಕಾಡಿದ್ದು ಗುಂಡಿನ ಸದ್ದಲ್ಲ. ಮುಂದೆ ಕೊಲೆಗಾರನಾಗುವ ಹುಡುಗ ತನ್ನ ಕೋಣೆಯಲ್ಲಿ ಕುಳಿತು ಇದೇ ರಾಗವನ್ನು ನುಡಿಸುತ್ತಿರುವಾಗ ಕ್ಯಾಮೆರಾ ಅವನನ್ನು ಬಿಟ್ಟು ಗೋಡೆಗಳನ್ನು ಸವರುತ್ತ ನಿಧಾನವಾಗಿ ಕೋಣೆಯನ್ನು ಸುತ್ತುತ್ತದೆ. ಗೆಳೆಯನೊಬ್ಬ ಬಂದು ಲ್ಯಾಪ್‌ಟಾಪಿನಲ್ಲಿ ಗುಂಡು ಹಾರಿಸುವ ಆಟಕ್ಕೆ ಕೂರುತ್ತಾನೆ. ಅಷ್ಟೇ. ಹುಡುಗ ಸುಮಾರಾಗಿ ಚೆನ್ನಾಗಿಯೇ ನುಡಿಸುತ್ತಾನೆ ಎಂಬುದೇ ಹೆಚ್ಚು ಹಿಂಸೆಯ ಸಂಗತಿ.

ಕಿರುಚಿತ್ರಗಳಿಗೂ ಮದುವೆ ವಿಡಿಯೊಗಳಿಗೂ ಧ್ವನಿ ಜೋಡಿಸುವುದು ನನ್ನ ಕಸುಬು. ಆ ಭಯ ಎಲ್ಲಿಂದ ಬರುತ್ತದೆಂದು ತಿಳಿಯಲು ನಾನೇ ಅಂಥದೊಂದು ಶಾಟ್ ತೆಗೆಯಬೇಕೆನಿಸಿತು. ಅಕ್ಕನ ಮಗನನ್ನು ಅವನ ಕೀಬೋರ್ಡಿನ ಮುಂದೆ ಕೂರಿಸಿ, ಕೋಣೆಯ ನಡುವೆ ಟ್ರೈಪಾಡ್ ನಿಲ್ಲಿಸಿದೆ.

ಒಂದೇ ವೇಗದಲ್ಲಿ ಕೈಯಿಂದ ತಿರುಗಿಸುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಬೇಸರವಾದ ಕಡೆ ಕೈ ತಾನಾಗಿಯೇ ಓಡುತ್ತಿತ್ತು. ಕೊನೆಗೆ ನೆರವಿಗೆ ಬಂದದ್ದು ಬಾಲ್ಯದಲ್ಲಿ ಅರ್ಧಕ್ಕೆ ಬಿಟ್ಟ ಸಂಗೀತಪಾಠ. ಅಕ್ಷರಕ್ಕೊಂದು ಸೆಕೆಂಡಿನಂತೆ ಎಂಟು ಅಕ್ಷರಗಳ ಆದಿತಾಳದ ಒಂದು ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, 8 ಸೆಕೆಂಡು, ಹದಿನೈದು ಆವರ್ತಕ್ಕೆ ಎರಡು ನಿಮಿಷ. ಕೆಂಪು ನೆಲದ ಮೇಲೆ 24 ಡಿಗ್ರಿಗೊಂದರಂತೆ ಸೀಮೆಸುಣ್ಣದಿಂದ ಹದಿನೈದು ಗೆರೆ ಎಳೆದು, ಮನಸ್ಸಿನಲ್ಲೇ ತಾಳ ಹಾಕುತ್ತ ಗೆರೆಯಿಂದ ಗೆರೆಗೆ ಹೊರಳಿದೆ. ಎರಡು ಟೇಕುಗಳನ್ನು ಅಡುಗೆಮನೆಯ ಕುಕ್ಕರ್ ಕೊಂದಿತು.

ಮೂರನೆಯದು ಚಿತ್ರವಾಗಿ ಚೆನ್ನಾಗಿತ್ತು, ಆದರೆ ಸತ್ತಿತ್ತು. ತಪ್ಪು ನನ್ನದೇ. ಸ್ಟೀರಿಯೊ ಮೈಕನ್ನು ಕ್ಯಾಮೆರಾದ ಮೇಲೆಯೇ ಕೂರಿಸಿದ್ದೆನಾದ್ದರಿಂದ ಅದೂ ಜೊತೆಗೆ ತಿರುಗಿ, ವಾದ್ಯದ ದನಿ ಎಡದಿಂದ ಬಲಕ್ಕೆ ಜಾರುತ್ತ ಯಾವುದೋ ಪ್ರವಾಸದ ವಿಡಿಯೊದಂತೆ ಕೇಳುತ್ತಿತ್ತು. ಮೈಕನ್ನು ಹುಡುಗನ ಪಕ್ಕದ ಸ್ಟ್ಯಾಂಡಿಗೆ ಬಿಗಿದು ಮತ್ತೆ ತೆಗೆದಾಗ ಕ್ಯಾಲೆಂಡರು, ಬೀರು, ಒಣಹಾಕಿದ ಸಮವಸ್ತ್ರ ಎಲ್ಲವೂ ಕಣ್ಣೆದುರು ಸರಿಯುತ್ತಿದ್ದರೂ ದನಿ ಮಾತ್ರ ಇದ್ದಲ್ಲೇ ಇತ್ತು. ಅವನು ನಮ್ಮ ಬೆನ್ನ ಹಿಂದೆ ಕುಳಿತಿದ್ದಾನೆ, ಅವನ ಮುಖ ನಮಗೆ ಕಾಣುತ್ತಿಲ್ಲ ಎಂಬುದು ಆಗಲೇ ಮೈಗೆ ತಟ್ಟಿದ್ದು.

ಗೆಳೆಯರಿಗೆ ತೋರಿಸಿದೆ. ರಾಗ ಶುರುವಾಗುತ್ತಲೇ ಒಬ್ಬ “ಬರ್ಲಿ, ಬರ್ಲಿ, ರೈಟ್ ಕಟ್ ಮಾಡಿ” ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಅವರನ್ನು ದೂರುವಂತಿರಲಿಲ್ಲ. ಪೋರ್ಟ್‌ಲ್ಯಾಂಡಿನಲ್ಲಿ ಚಿತ್ರೀಕರಿಸಿದ ಆ ಮೌನವನ್ನು ನಮ್ಮ ಬೀದಿಗೆ ಹಾಗೆಯೇ ಎತ್ತಿ ತರಲು ಹೊರಟಿದ್ದವನು ನಾನು.

ಮುಂದಿನ ಭಾನುವಾರ ಅದೇ ಗೆರೆಗಳ ಮೇಲೆ ಮತ್ತೆ ತಿರುಗಿದೆ. ಈ ಸಲ ಹುಡುಗ ನುಡಿಸಿದ್ದು ಶಾಲೆಯ ಪಾಠದ ಸರಳೆ; ಒಂಬತ್ತನೆಯ ಗೆರೆಯ ಹತ್ತಿರ ಕಾರಣವಿಲ್ಲದೆ ನಿಲ್ಲಿಸಬೇಕೆಂದು ಅವನಿಗೆ ಹೇಳಿದ್ದೆ. ಉಳಿದ ಆರು ಆವರ್ತಗಳಲ್ಲಿ ಫ್ಯಾನಿನ ಕಟಕಟ ಸದ್ದಷ್ಟೇ ಇದೆ. ಈ ಸಲ ಗೆಳೆಯರಲ್ಲಿ ಯಾರೂ ನಗಲಿಲ್ಲ. ಒಬ್ಬ ಮಾತ್ರ ತಿರುಗಿ ಹಿಂದೆ ನೋಡಿದ.