ಲಕ್ಕಿ ಡ್ರಾ ಕೂಪನ್ ಅಚ್ಚು ಹಾಕಿಸುವ ಮೊದಲು: ಆಟ, ಪಂದ್ಯ, ಹರಾಜಿನ ಸವಾಲುಗಳಿಂದ ಕಾನೂನುಬದ್ಧವಾಗಿ ಸಹಾಯನಿಧಿ ಕೂಡಿಸುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವ ಊರಿಗೆ ಹೋದರೂ ಶಾಲೆಯ ಮಾಡು ಹೊದೆಸಲು, ರಂಗಮಂದಿರ ಕಟ್ಟಲು ಅಥವಾ ಊರವರೊಬ್ಬರ ಚಿಕಿತ್ಸೆಗೆ ಹಣ ಕೂಡಿಸುತ್ತಿರುವ ಒಂದು ಸಮಿತಿ ಇದ್ದೇ ಇರುತ್ತದೆ. ಅಡಿಕೆ ಕೊಯ್ಲು ಮುಗಿದು ಮನೆಗಳಲ್ಲಿ ಹಣ ಓಡಾಡುವ ಕಾಲಕ್ಕೆ ಇಂಥ ಸಮಿತಿಯ ಸಭೆಯಲ್ಲಿ ಮೊದಲು ಬರುವ ಸಲಹೆ ಲಕ್ಕಿ ಡ್ರಾ: ಐವತ್ತೋ ನೂರೋ ರೂಪಾಯಿಯ ಕೂಪನ್, ಮೊದಲ ಬಹುಮಾನಕ್ಕೆ ಒಂದು ಬೈಕು, ಜಾತ್ರೆಯ ಕೊನೆಯ ದಿನ ವೇದಿಕೆಯ ಮೇಲೆ ಚೀಟಿ ಎತ್ತುವುದು. ಉದ್ದೇಶ ಒಳ್ಳೆಯದು ಎಂಬ ಒಂದೇ ಕಾರಣಕ್ಕೆ ಇದು ಕಾನೂನಿಗೆ ಹೊರತು ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು ನಂಬಿಕೆ. ಊರಿಗಾಗಿ ದುಡಿಯುವ ಹುಡುಗರು ಇದರಿಂದ ಠಾಣೆಯ ಮೆಟ್ಟಿಲು ಹತ್ತುವಂತಾಗಬಾರದು ಎಂಬ ಕಾಳಜಿಯಿಂದ ಈ ವಿವರಗಳನ್ನು ಬರೆಯುತ್ತಿದ್ದೇನೆ.

ರಾಜ್ಯ ಸರ್ಕಾರದ್ದಲ್ಲದ, ಅಥವಾ ರಾಜ್ಯ ಸರ್ಕಾರ ಅಧಿಕೃತಗೊಳಿಸದ ಲಾಟರಿಯ ಡ್ರಾ ನಡೆಸಲು ಕಚೇರಿಯನ್ನೋ ಸ್ಥಳವನ್ನೋ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನ ಪ್ರಕಾರ ಅಪರಾಧ. ಇದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ದಂಡ, ಇಲ್ಲವೇ ಎರಡೂ ಆಗಬಹುದು. ಅಂಥ ಲಾಟರಿಯ ಬಹುಮಾನದ ಪ್ರಸ್ತಾಪವನ್ನು ಪ್ರಕಟಿಸಿದವರಿಗೂ 5,000 ರೂಪಾಯಿವರೆಗೆ ದಂಡವಿದೆಯಾದ್ದರಿಂದ ಕರಪತ್ರ ಹಂಚುವುದನ್ನೂ ವಾಟ್ಸ್ಆ್ಯಪ್ ಗುಂಪುಗಳಿಗೆ ಕೂಪನ್ ಚಿತ್ರ ಕಳಿಸುವುದನ್ನೂ ಹಗುರವಾಗಿ ನೋಡುವಂತಿಲ್ಲ. 2024ರ ಜುಲೈ 1ಕ್ಕೆ ಮೊದಲು ಇದೇ ವಿಷಯ ಹಳೆಯ ದಂಡ ಸಂಹಿತೆಯ 294ಎ ಕಲಮಿನಲ್ಲಿತ್ತು. ಧರ್ಮಕಾರ್ಯಕ್ಕೆ ವಿನಾಯಿತಿ ಎಂಬ ಮಾತು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಹಾಗಾದರೆ ಪರವಾನಗಿ ಪಡೆದೇ ಲಾಟರಿ ನಡೆಸೋಣ ಎನ್ನುವವರು ಒಂದು ಸಂಗತಿ ತಿಳಿದಿರಬೇಕು. 1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಲಾಟರಿ ನಡೆಸುವ ಅವಕಾಶ ಇರುವುದು ರಾಜ್ಯ ಸರ್ಕಾರಗಳಿಗೆ. ಕರ್ನಾಟಕವಂತೂ 2007ರಲ್ಲಿ ಲಾಟರಿಯನ್ನೇ ನಿಷೇಧಿಸಿತು. ನೆರೆಯ ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ, ಕಾರುಣ್ಯ ಎಂಬ ಲಾಟರಿಯ ಹಣ ಬಡರೋಗಿಗಳ ಚಿಕಿತ್ಸೆಗೂ ಹೋಗುತ್ತದೆ. ಆದರೆ ಆ ಟಿಕೆಟ್ ತಂದು ಇಲ್ಲಿ ಮಾರುವಂತಿಲ್ಲ. ಗ್ರಾಮ ಪಂಚಾಯಿತಿಯ ನಿರಾಕ್ಷೇಪಣಾ ಪತ್ರವಾಗಲಿ ಠಾಣೆಯಲ್ಲಿ ಕೊಟ್ಟ ಮನವಿಯ ಸ್ವೀಕೃತಿಯಾಗಲಿ ಲಾಟರಿಯ ಪರವಾನಗಿ ಆಗುವುದಿಲ್ಲ. ಕೂಪನ್ ಮೇಲೆ ‘ಅನುಮತಿ ಪಡೆದಿದೆ’ ಎಂದು ಅಚ್ಚು ಹಾಕಿಸುವುದರಿಂದ ಸಮಿತಿಗೆ ರಕ್ಷಣೆಯೇನೂ ಸಿಗದು.

ಯಾವುದು ಲಾಟರಿ, ಯಾವುದು ಅಲ್ಲ ಎಂಬುದನ್ನು ಅಳೆಯಲು ಎಚ್. ಅನ್‌ರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೂರು ಅಂಶಗಳು ಸಾಕು: ಭಾಗವಹಿಸಲು ಕೊಡುವ ಹಣ, ಅದೃಷ್ಟದಿಂದ ಆಗುವ ಆಯ್ಕೆ, ಬಹುಮಾನ. ಮೂರೂ ಕೂಡಿದರೆ ಲಾಟರಿ. ಪ್ರವೇಶ ಟಿಕೆಟ್ಟಿನಲ್ಲೇ ‘ಅದೃಷ್ಟ ಸಂಖ್ಯೆ’ ಸೇರಿಸುವುದು, ದೇಣಿಗೆ ರಸೀದಿಯ ನಂಬರನ್ನೇ ಡ್ರಾಕ್ಕೆ ಹಾಕುವುದು ಮುಂತಾದ ಉಪಾಯಗಳಲ್ಲಿ ಹೆಸರು ಬದಲಾಗುತ್ತದೆಯೇ ಹೊರತು ಮೂರು ಅಂಶಗಳೂ ಹಾಗೆಯೇ ಉಳಿಯುತ್ತವೆ. ಹಣ ಪಡೆದು ಆಡಿಸುವ ತಂಬೋಲವೂ ಅದೃಷ್ಟದ ಆಟವೇ. ತಿಂಗಳ ಕಂತು ಕಟ್ಟಿಸಿಕೊಂಡು ಪ್ರತಿ ತಿಂಗಳೂ ಒಬ್ಬರಿಗೆ ಬಹುಮಾನ ಕೊಡುವ ‘ಸ್ಕೀಮು’ಗಳು ಇನ್ನೂ ಅಪಾಯಕಾರಿ, ಅವುಗಳಿಗೆ 1978ರ ಪ್ರೈಜ್ ಚಿಟ್ ನಿಷೇಧ ಕಾಯ್ದೆ ಅಡ್ಡ ಬರುತ್ತದೆ. ಆದ್ದರಿಂದ ನಿಧಿಸಂಗ್ರಹದ ಯೋಜನೆ ಹಾಕುವಾಗ ಈ ಮೂರರಲ್ಲಿ ಒಂದನ್ನು ನಿಜವಾಗಿಯೂ ತೆಗೆದುಹಾಕಬೇಕು, ಮತ್ತು ತೆಗೆಯಲು ಅತ್ಯಂತ ಯೋಗ್ಯವಾದದ್ದು ಅದೃಷ್ಟ.

ಅದೃಷ್ಟವನ್ನು ತೆಗೆದರೆ ಉಳಿಯುವುದು ಕೌಶಲ ಮತ್ತು ಶ್ರಮ. ಮಲೆನಾಡಿಗೆ ಇವೆರಡಕ್ಕೂ ಕೊರತೆಯಿಲ್ಲ. ಮಳೆಗಾಲದಲ್ಲಿ ಕೆಸರುಗದ್ದೆ ಕ್ರೀಡಾಕೂಟ, ಬೇಸಿಗೆಯಲ್ಲಿ ವಾಲಿಬಾಲ್, ಕಬಡ್ಡಿ ಪಂದ್ಯಾವಳಿ, ಜೊತೆಗೆ ಹಗ್ಗಜಗ್ಗಾಟ, ಚೆಸ್, ರಂಗೋಲಿ, ರಸಪ್ರಶ್ನೆ ಇವೆಲ್ಲಕ್ಕೂ ಪ್ರವೇಶ ಶುಲ್ಕ ಪಡೆದು ಗೆದ್ದವರಿಗೆ ಬಹುಮಾನ ಕೊಡಬಹುದು. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 176ನೇ ಕಲಮು ಶುದ್ಧ ಕೌಶಲದ ಆಟಗಳನ್ನು ಅದೇ ಕಾಯ್ದೆಯ ಜೂಜಿನ ಕಲಮುಗಳಿಂದ ಹೊರಗಿಟ್ಟಿದೆ. ಆದರೂ ನನ್ನ ಸಲಹೆ ಇಷ್ಟು: ಬಹುಮಾನವನ್ನು ತಂಡಗಳ ಪ್ರವೇಶ ಶುಲ್ಕದ ಮೊತ್ತದಿಂದ ಕೊಡದೆ ಪೇಟೆಯ ಅಂಗಡಿಯವರಿಂದಲೋ ಸಹಕಾರಿ ಸಂಘದಿಂದಲೋ ಪ್ರಾಯೋಜನೆಯಾಗಿ ಪಡೆಯಬೇಕು. ಆಗ ಪ್ರವೇಶ ಶುಲ್ಕದಲ್ಲಿ ಖರ್ಚು ಕಳೆದು ಉಳಿದದ್ದೆಲ್ಲ ಸಹಾಯನಿಧಿಗೆ ಸೇರುತ್ತದೆ, ಪಣಕ್ಕಿಟ್ಟ ದುಡ್ಡನ್ನು ಗೆದ್ದವರು ಹಂಚಿಕೊಂಡರು ಎಂಬ ಆಕ್ಷೇಪಕ್ಕೆ ಎಡೆಯಿರುವುದಿಲ್ಲ. ನಿಯಮಾವಳಿ, ತೀರ್ಪುಗಾರರ ಹೆಸರು ಮತ್ತು ಹಣದ ಉದ್ದೇಶವನ್ನು ಮೊದಲೇ ಅಚ್ಚು ಹಾಕಿಸಿ ಹಂಚಬೇಕು. ಸಮಬಲವಾದಾಗ ಚೀಟಿ ಎತ್ತಿ ವಿಜೇತರನ್ನು ಆರಿಸುವ ಕ್ರಮವನ್ನೂ ಕೈಬಿಟ್ಟು ಇನ್ನೊಂದು ಸುತ್ತು ಆಡಿಸುವುದು ಲೇಸು. ಮೈದಾನದ ಮೂಲೆಯಲ್ಲಿ ಯಾರಾದರೂ ಪಂದ್ಯದ ಮೇಲೆ ಬಾಜಿ ಕಟ್ಟಿಸುತ್ತಿದ್ದರೆ, ಇಸ್ಪೀಟು, ಓಸಿ (ಅಂಕಿ ಜೂಜು) ನಡೆಸುತ್ತಿದ್ದರೆ, ಕೋಳಿ ಅಂಕಕ್ಕೆ ಜಾಗ ಕೇಳಿದರೆ ಸಮಿತಿ ಆಗಲೇ ತಡೆಯಬೇಕು. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಸುಪ್ರೀಂ ಕೋರ್ಟ್ 1968ರಷ್ಟು ಹಿಂದೆಯೇ ಹೇಳಿರುವುದು ನಿಜ. ಆದರೆ ಇಸ್ಪೀಟಿನಿಂದ ಮನೆ ಹಾಳಾದವರನ್ನು ಕಂಡ ಊರಿನಲ್ಲಿ ಸೇವಾಸಂಸ್ಥೆ ಅದರ ಹತ್ತಿರ ಹೋಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಹಣ ಕಟ್ಟಿ ಮೊಬೈಲಿನಲ್ಲಿ ಆಡುವ ಆಟಗಳ ಮಾತಂತೂ ಬೇಡವೇ ಬೇಡ. 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ಅವನ್ನು ನಿಷೇಧಿಸುತ್ತದೆ.

ಕೂಪನ್ನಿಗಿಂತ ಹೆಚ್ಚು ಹಣ ತರಬಲ್ಲ ನಮ್ಮದೇ ಪದ್ಧತಿಯೊಂದಿದೆ, ಅದು ಸವಾಲು. ಹೊರೆಕಾಣಿಕೆಯಾಗಿ ಬಂದ ಬಾಳೆಗೊನೆ, ತೆಂಗಿನಕಾಯಿ, ಜೇನುತುಪ್ಪ, ಗಣಪತಿಯ ಮುಂದಿಟ್ಟ ಲಾಡು, ಹಣ್ಣುಹಂಪಲು ಇವನ್ನು ಬಹಿರಂಗವಾಗಿ ಏಲಂ ಹಾಕಿದಾಗ ಹೆಚ್ಚು ಕೂಗಿದವರಿಗೆ ವಸ್ತು ಹೋಗುತ್ತದೆ. ಸೋತವರ ಹಣ ಅವರ ಬಳಿಯೇ ಉಳಿಯುತ್ತದೆ. ಅದೃಷ್ಟಕ್ಕೆ ಇದರಲ್ಲಿ ಜಾಗವೇ ಇಲ್ಲ. ವಸ್ತುವಿನ ಪಟ್ಟಿ, ಕೊಟ್ಟವರ ಹೆಸರು, ಮೂಲ ಬೆಲೆ, ಕೂಗಿದ ಕೊನೆಯ ಮೊತ್ತ ಇವನ್ನು ಒಂದೇ ಪುಸ್ತಕದಲ್ಲಿ ಬರೆದು, ಹಣವನ್ನು ಅಲ್ಲೇ ಪಡೆದು ರಸೀದಿ ಹರಿದುಕೊಡಬೇಕು. ಉತ್ಸಾಹದಲ್ಲಿ ಕೂಗಿ ಆಮೇಲೆ ಬಾಕಿ ಉಳಿಸುವವರಿಂದಲೇ ಸವಾಲಿನ ಲೆಕ್ಕ ಕೆಡುತ್ತದೆ.

ಸಹಾಯಾರ್ಥ ಯಕ್ಷಗಾನವೂ ಅಷ್ಟೇ ನಿರಾತಂಕದ ದಾರಿ. ಟಿಕೆಟ್ ದರ ತಲಾ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ವಿನಾಯಿತಿ ಇದೆ. ಪೊಲೀಸ್ ಅನುಮತಿಯ ಜೊತೆಗೆ ಧ್ವನಿವರ್ಧಕದ ಅನುಮತಿಯನ್ನೂ ಬೇರೆಯಾಗಿ ಪಡೆಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಸ್ಥಳದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲವಾದ್ದರಿಂದ ಸಂಜೆಯೇ ಆರಂಭಿಸುವ ಕಾಲಮಿತಿ ಪ್ರಯೋಗವನ್ನು ಆರಿಸಿಕೊಳ್ಳುವುದು ಸೂಕ್ತ.

ಹೊರದೇಶದಲ್ಲಿರುವ ಊರಿನ ಮಕ್ಕಳು ‘ಇಲ್ಲಿ ಲಾಟರಿ ನಡೆಸಿ ಕಳಿಸುತ್ತೇವೆ’ ಎನ್ನುವುದೂ ಉಂಟು. ಬ್ರಿಟನ್ನಿನಲ್ಲಿ ಅದು ಸಾಧ್ಯ. ಅಲ್ಲಿನ 2005ರ ಜೂಜು ಕಾಯ್ದೆಯ ಅಡಿಯಲ್ಲಿ ಲಾಭದ ಉದ್ದೇಶವಿಲ್ಲದ ಸಂಘವು ಸ್ಥಳೀಯ ಆಡಳಿತದಲ್ಲಿ ನೋಂದಾಯಿಸಿಕೊಂಡು ಸಣ್ಣ ಲಾಟರಿ ನಡೆಸಬಹುದು. ಒಂದು ಡ್ರಾದ ಟಿಕೆಟ್ ಮಾರಾಟ 20,000 ಪೌಂಡ್, ವರ್ಷದ್ದು 2,50,000 ಪೌಂಡ್ ಮೀರಬಾರದು, ಸಂಗ್ರಹದಲ್ಲಿ ಕನಿಷ್ಠ ಶೇ. 20 ಭಾಗ ಸದುದ್ದೇಶಕ್ಕೆ ಹೋಗಬೇಕು. ಆದರೆ ಆ ಟಿಕೆಟ್ಟನ್ನು ಇಲ್ಲಿನವರು ಕೊಳ್ಳಬಾರದು, ಏಕೆಂದರೆ ಲಾಟರಿ ಟಿಕೆಟ್ಟಿಗಾಗಿ ಹೊರದೇಶಕ್ಕೆ ಹಣ ಕಳಿಸುವುದನ್ನು ವಿದೇಶಿ ವಿನಿಮಯದ ನಿಯಮಗಳು ನಿಷೇಧಿಸಿವೆ. ಅಲ್ಲಿನ ಸಂಘ ಕಳಿಸುವ ದೇಣಿಗೆಯೂ ವಿದೇಶಿ ವಂತಿಗೆಯೇ. ಅದನ್ನು ಸ್ವೀಕರಿಸಲು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ, ಜೊತೆಗೆ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣಕ್ಕೆ ಈ ತೊಡಕಿಲ್ಲ. ಸಣ್ಣ ಸಂಘಗಳು ಈ ಎರಡನೆಯ ದಾರಿಯನ್ನೇ ಕೇಳಿಕೊಳ್ಳಲಿ.

ದಾರಿ ಯಾವುದಾದರೂ ಹಣ ಬರುವ ಮೊದಲು ಸಂಸ್ಥೆಗೆ ಕಾನೂನಿನ ರೂಪ ಇರಬೇಕು: 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಅಥವಾ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಟ್ರಸ್ಟ್ ಪತ್ರ, ಸಂಸ್ಥೆಯ ಹೆಸರಿನಲ್ಲೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ. ಅಧ್ಯಕ್ಷರ ಸ್ವಂತ ಫೋನ್‌ಪೇ ನಂಬರಿಗೆ ಹಣ ಹಾಕಿಸಿಕೊಳ್ಳಬಾರದು. ಪ್ರವೇಶ ಶುಲ್ಕ, ಟಿಕೆಟ್, ಸವಾಲಿನ ಮೊತ್ತಗಳಿಗೆ ಪ್ರತಿಯಾಗಿ ಏನನ್ನೋ ಕೊಟ್ಟಿರುತ್ತೇವೆ. ಅವಕ್ಕೆ ದೇಣಿಗೆ ಎಂದು ಆದಾಯ ತೆರಿಗೆ ರಿಯಾಯಿತಿಯ, 80ಜಿ ಎಂದು ರೂಢಿಯಲ್ಲಿರುವ ರಸೀದಿ ಕೊಡುವುದು ಸರಿಯಲ್ಲ. ಶುದ್ಧ ದೇಣಿಗೆಗೆ ಬೇರೆ ಪುಸ್ತಕವಿಟ್ಟು ಕೊಟ್ಟವರ ಹೆಸರು, ವಿಳಾಸ ಬರೆದುಕೊಳ್ಳಬೇಕು. ಕಾರ್ಯಕ್ರಮ ಮುಗಿದ ಮೇಲೆ ಜಮಾ-ಖರ್ಚಿನ ಪಟ್ಟಿಯನ್ನು ಸಂಘದ ಸಭೆಯಲ್ಲಿ ಓದಿ ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿಸಿ, ಅದರ ಪ್ರತಿಯನ್ನು ಹಾಲಿನ ಡೇರಿ ಅಥವಾ ಸೊಸೈಟಿಯ ಗೋಡೆಗೆ ಅಂಟಿಸಬೇಕು. ವರ್ಷದ ಕೊನೆಗೆ ಲೆಕ್ಕಪರಿಶೋಧನೆಯಾದ ಪಟ್ಟಿಯನ್ನು ಸಂಘಗಳ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು.