ಆಗಸ್ಟ್ ತಿಂಗಳ ಹಸಿ ಸಿಗಡಿ

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮಳೆಗಾಲವನ್ನು ಒಣಸಿಗಡಿಯ ಚಟ್ನಿಯಲ್ಲಿ ಕಳೆದ ಮನೆಗಳಿಗೆ ಆಗಸ್ಟ್ ಬಂದೊಡನೆ ಹಸಿ ಸಿಗಡಿಯ ಆಸೆ ಹುಟ್ಟುವುದು ಸಹಜ. ಆದರೂ ಮೊದಲ ದಿನವೇ ಮಾರುಕಟ್ಟೆಗೆ ಧಾವಿಸಬೇಕಾಗಿಲ್ಲ. ಕಡಲು ಇನ್ನೂ ಒರಟಾಗಿದ್ದರೆ ದೋಣಿಗಳು ಇಳಿಯುವುದು ತಡವಾಗುತ್ತದೆ. ಅಂಥ ದಿನಗಳಲ್ಲಿ ಬುಟ್ಟಿಯಲ್ಲಿ ಕಾಣುವುದು ಶೀತಲಗೃಹದ ಮಾಲೋ, ಕೆರೆಯಲ್ಲಿ ಸಾಕಿದ ವೆನಾಮಿ ಜಾತಿಯ ಸಿಗಡಿಯೋ ಆಗಿರಬಹುದು. ಸಾಕಿದ್ದು ಕೆಟ್ಟದ್ದೇನಲ್ಲ, ಕಡಲ ಸಿಗಡಿಯ ಬೆಲೆ ಕೊಟ್ಟು ಅದನ್ನು ತರಬಾರದು ಅಷ್ಟೆ. ಅದು ಸಾಮಾನ್ಯವಾಗಿ ಎಲ್ಲವೂ ಒಂದೇ ಗಾತ್ರದಲ್ಲಿರುತ್ತದೆ. ಬಲೆಗೆ ಬಿದ್ದ ಸಿಗಡಿಯಲ್ಲಿ ದೊಡ್ಡದು ಸಣ್ಣದು ಬೆರೆತು, ನಡುವೆ ಒಂದೆರಡು ಏಡಿಮರಿಗಳೂ ಸಿಗುವುದುಂಟು.

ಮಲ್ಪೆಯಲ್ಲಾಗಲಿ ಮಂಗಳೂರಿನ ಮೀನುಗಾರಿಕೆ ದಕ್ಕೆಯಲ್ಲಾಗಲಿ, ಆಳಸಮುದ್ರಕ್ಕೆ ಹೋಗಿ ಹಲವು ದಿನಗಳ ನಂತರ ಮರಳುವ ದೋಣಿಗಳ ಮಾಲಿಗಿಂತ, ಅಂದೇ ಹೋಗಿ ಅಂದೇ ಬರುವ ಸಣ್ಣ ದೋಣಿಗಳ ಸಿಗಡಿಯನ್ನು ಕೇಳಿ ಕೊಳ್ಳುವುದು ಒಳಿತು. ತಲೆ ಮೈಗೆ ಬಿಗಿಯಾಗಿ ಅಂಟಿಕೊಂಡಿರಬೇಕು, ಸಿಪ್ಪೆ ಹೊಳೆಯಬೇಕು, ಒತ್ತಿದರೆ ಮಾಂಸ ಗಟ್ಟಿಯಾಗಿರಬೇಕು. ತಲೆಯ ಬುಡದಲ್ಲಿ ಕಪ್ಪು ಹರಡಿದ್ದರೆ ಅದು ಹಿಡಿದು ಬಹಳ ಹೊತ್ತಾಗಿರುವುದರ ಗುರುತು. ಮೂಗಿಗೆ ಅಮೋನಿಯದ ಘಾಟು ಬಡಿದರೆ ಅಗ್ಗಕ್ಕೆ ಕೊಟ್ಟರೂ ಬೇಡ. ಗಾತ್ರದ ಮೋಹವೂ ಬೇಡ. ಸಾರಿಗೆ, ತೆಂಗಿನತುರಿಯ ಒಣ ಪಲ್ಯದಂಥ ಸುಕ್ಕಕ್ಕೆ ಸಣ್ಣ ಸಿಗಡಿಯ ಸಿಹಿ ದೊಡ್ಡದಕ್ಕಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ, ಸುಲಿಯುವವರು ಗೊಣಗಿದರೂ ಸರಿಯೇ. ತಲೆ, ಸಿಪ್ಪೆ ತೆಗೆದ ಮೇಲೆ ತೂಕ ಅರ್ಧದಷ್ಟಕ್ಕೆ ಇಳಿಯುವುದರಿಂದ, ಊಟಕ್ಕೆ ಕೂರುವವರ ಲೆಕ್ಕ ಹಾಕಿ ತುಸು ಹೆಚ್ಚೇ ತರಬೇಕು.

ಮನೆಗೆ ತಂದ ಸಿಗಡಿಯನ್ನು ನೀರಿನಲ್ಲಿ ನೆನೆಹಾಕಿ ಬೇರೆ ಕೆಲಸಕ್ಕೆ ಹೋಗುವ ಅಭ್ಯಾಸ ಒಳ್ಳೆಯದಲ್ಲ, ಏಕೆಂದರೆ ರುಚಿಯೆಲ್ಲ ಆ ನೀರಿಗೇ ಇಳಿಯುತ್ತದೆ. ಸಿಪ್ಪೆ ಸುಲಿದು, ಬೆನ್ನನ್ನು ಚಾಕುವಿನ ತುದಿಯಿಂದ ಸ್ವಲ್ಪವೇ ಸೀಳಿ ಕಪ್ಪು ನಾರನ್ನು ಎಳೆದು ತೆಗೆದ ಬಳಿಕ, ಬೇಗನೆ ತೊಳೆದು ನೀರು ಬಸಿದು ಉಪ್ಪು, ಅರಿಶಿನ ಸವರಿಡಬೇಕು. ತಲೆಗಳನ್ನು ಎಸೆಯದೆ ಚೆನ್ನಾಗಿ ತೊಳೆದು, ಸ್ವಲ್ಪ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಸೋಸಿಟ್ಟರೆ, ಅರೆದ ಮಸಾಲೆಯನ್ನು ಸಡಿಲಿಸಲು ಬರಿ ನೀರಿನ ಬದಲು ಆ ರಸವನ್ನೇ ಬಳಸಬಹುದು.

ಈ ಕಾಲದಲ್ಲಿ ಅಂಬಟೆಕಾಯಿ ಸಿಗುವುದರಿಂದ ಹುಣಸೆಹುಳಿಯನ್ನು ಕಡಿಮೆ ಮಾಡಿ ಅದನ್ನು ಜಜ್ಜಿ ಹಾಕಿದರೆ ಸಾರಿಗೆ ಬೇರೆಯೇ ಹದ ಬರುತ್ತದೆ. ಬಸಳೆಯ ಜೊತೆಗಂತೂ ಸಿಗಡಿ ಹೇಳಿ ಮಾಡಿಸಿದ ಜೋಡಿ. ಬೇಸಿಗೆಯಲ್ಲಿ ಕೂಡಿಟ್ಟ ಹಲಸಿನ ಬೀಜ ಉಳಿದಿದ್ದರೆ ಅದೂ ಸೇರಲಿ. ಆದರೆ ಬೀಜ, ದಂಟು ಬೆಂದು, ಮಸಾಲೆಯ ಹಸಿವಾಸನೆ ಪೂರ್ತಿ ಹೋದ ಮೇಲಷ್ಟೇ ಸಿಗಡಿಯನ್ನು ಹಾಕಬೇಕು. ಸಣ್ಣದಕ್ಕೆ ಮೂರು ನಾಲ್ಕು ನಿಮಿಷದ ಕುದಿ ಸಾಕು. ಬಣ್ಣ ಕೆಂಪಾಗಿ ಮೈ ಬಾಗಿದೊಡನೆ ಒಲೆ ಆರಿಸದಿದ್ದರೆ ಅದು ರಬ್ಬರಿನಂತಾಗುತ್ತದೆ. ಮಿಕ್ಕಿದ ಹಸಿ ಸಿಗಡಿಯನ್ನು ತಲೆ ತೆಗೆದು, ಸಿಪ್ಪೆ ಸಮೇತ ಡಬ್ಬಿಯಲ್ಲಿಟ್ಟು ಮುಳುಗುವಷ್ಟು ತಣ್ಣೀರು ತುಂಬಿ ಫ್ರೀಜರಿನಲ್ಲಿಟ್ಟರೆ ಒಣಗುವುದಿಲ್ಲ. ಒಮ್ಮೆ ಕರಗಿಸಿದ್ದನ್ನು ಮತ್ತೆ ಒಳಗಿಡದೆ ಅಂದೇ ಬೇಯಿಸಿ ಮುಗಿಸಬೇಕು.